‘ಅಲ್ಲ’ವೂ ‘ಇಲ್ಲ’ವೂ ಒಂದೇ ಅಲ್ಲ

ಕನ್ನಡದಲ್ಲಿ ನಿಷೇಧವನ್ನು ಸೂಚಿಸುವುದಕ್ಕೆ ಎರಡು ಮಾತುಗಳಿವೆ: ಒಂದು ‘ಅಲ್ಲ’, ಇನ್ನೊಂದು ‘ಇಲ್ಲ’. ‘ಇದು ಹಾಲಲ್ಲ’ ಎಂದರೆ ಪಾತ್ರೆಯಲ್ಲಿ ಏನೋ ಒಂದು ಪದಾರ್ಥವಿದೆ, ಆದರೆ ಅದು ಹಾಲೆಂಬ ಜಾತಿಗೆ ಸೇರಿದುದಲ್ಲ ಎಂದು ತಾತ್ಪರ್ಯ. ‘ಹಾಲಿಲ್ಲ’ ಎಂದರೆ ಹಾಲೆಂಬ ಪದಾರ್ಥವೇ ಅಲ್ಲಿ ಇರುವುದಿಲ್ಲ. ಮೊದಲನೆಯದು ಗುಣದ ನಿರಾಕರಣೆ. ಎರಡನೆಯದು ಅಸ್ತಿತ್ವದ ನಿರಾಕರಣೆ. ಮಾತು ಕಲಿಯುವ ಮಗು ಕೂಡ ಈ ಭೇದವನ್ನು ಹಿಡಿದುಕೊಂಡು ಬಳಸತೊಡಗುತ್ತದೆ. ಆದರೆ ಗಣಕಯಂತ್ರದ ಮುಂದೆ ಕುಳಿತು ಅಂಕಿಅಂಶಗಳನ್ನು ವಿಂಗಡಿಸುವ ವಿದ್ಯಾವಂತರು ಇದೇ ಭೇದವನ್ನು ಮರೆತುಬಿಡುತ್ತಾರೆ. ಆ ಮರವೆಯಿಂದಾಗುವ ಕೇಡು ಸಣ್ಣದಲ್ಲವೆಂದೂ, ಅದನ್ನು ತಪ್ಪಿಸುವ ಅಭ್ಯಾಸವನ್ನು ವಿದ್ಯಾರ್ಥಿದೆಸೆಯಲ್ಲಿಯೇ ಬೆಳೆಸಿಕೊಳ್ಳಬೇಕೆಂದೂ ತೋರಿಸುವುದು ಈ ಲೇಖನದ ಉದ್ದೇಶ.

ಅಳತೆಯಿಂದಲೋ ಎಣಿಕೆಯಿಂದಲೋ ದೊರೆತ ದತ್ತಾಂಶಗಳು ಬಂದ ರೂಪದಲ್ಲಿಯೇ ಉಪಯೋಗಕ್ಕೆ ಒದಗುವುದು ಅಪರೂಪ. ಅವುಗಳನ್ನು ಶುದ್ಧಗೊಳಿಸಿ, ಒಟ್ಟುಗೂಡಿಸಿ, ವರ್ಗಗಳಾಗಿ ಬೇರ್ಪಡಿಸಿದ ಮೇಲೆಯೇ ಅವು ಅರ್ಥವನ್ನು ಕೊಡುತ್ತವೆ. ಈ ಕಾರ್ಯಕ್ಕೆ ದತ್ತಾಂಶ ಪರಿವರ್ತನೆ ಎಂದು ಹೆಸರು. ಇದಕ್ಕಾಗಿ ಎಕ್ಸೆಲ್‌ನಂಥ ಕೋಷ್ಟಕ ತಂತ್ರಾಂಶಗಳಿವೆ; ದೊಡ್ಡ ದತ್ತಸಂಚಯಗಳನ್ನು ಪ್ರಶ್ನಿಸಲು ಎಸ್‌ಕ್ಯೂಎಲ್ ಎಂಬ ಭಾಷೆಯಿದೆ; ಪೈಥಾನ್, ಆರ್ ಮೊದಲಾದ ಭಾಷೆಗಳಿವೆ. ಇವುಗಳಲ್ಲೆಲ್ಲ ಸಮಾನವಾಗಿ ಕಾಣಬರುವ ಒಂದು ಸಾಧನವೆಂದರೆ ಹಲವು ಫಲಗಳುಳ್ಳ ಷರತ್ತು: ‘ಹೀಗಾದರೆ ಇದು; ಹಾಗಾದರೆ ಅದು; ಮತ್ತೊಂದು ಬಗೆಯಾದರೆ ಮತ್ತೊಂದು; ಯಾವುದೂ ಇಲ್ಲದಿದ್ದರೆ ಕೊನೆಯದು’. ಇದನ್ನು ಒಂದು ಏಣಿಗೆ ಹೋಲಿಸಬಹುದು. ಪ್ರತಿ ಮೆಟ್ಟಿಲಿನಲ್ಲಿಯೂ ಒಂದು ಪ್ರಶ್ನೆಯಿದೆ. ದತ್ತಾಂಶವು ಒಂದೊಂದೇ ಮೆಟ್ಟಿಲಿಗೆ ಬಂದು ನಿಂತು, ಯಾವ ಪ್ರಶ್ನೆಗೆ ‘ಹೌದು’ ಎಂಬ ಉತ್ತರ ದೊರೆಯುವುದೋ ಅಲ್ಲಿಯೇ ತನ್ನ ಹಣೆಪಟ್ಟಿಯನ್ನು ಪಡೆದು ಏಣಿಯಿಂದಾಚೆಗೆ ಹೋಗುತ್ತದೆ.

ಉದಾಹರಣೆಯಿಲ್ಲದೆ ಇಂಥ ಮಾತು ಮನಸ್ಸಿಗೆ ಹತ್ತುವುದಿಲ್ಲ. ಆದ್ದರಿಂದ ನಮಗೆಲ್ಲ ಪರಿಚಿತವಾದ ಮಳೆಯ ಲೆಕ್ಕವನ್ನೇ ತೆಗೆದುಕೊಳ್ಳೋಣ. ಭಾರತದ ಹವಾಮಾನ ಇಲಾಖೆಯು ಬೆಳಗ್ಗೆ 8.30ಕ್ಕೆ ಮುಗಿಯುವ 24 ಗಂಟೆಗಳಲ್ಲಿ ಬಿದ್ದ ಮಳೆಯನ್ನು ಮಿಲಿಮೀಟರುಗಳಲ್ಲಿ ಅಳೆದು ಹೀಗೆ ವರ್ಗೀಕರಿಸುತ್ತದೆ: 0.1ರಿಂದ 2.4ರವರೆಗೆ ಅತಿ ಹಗುರ, 2.5ರಿಂದ 15.5ರವರೆಗೆ ಹಗುರ; 15.6ರಿಂದ 64.4ರವರೆಗೆ ಸಾಧಾರಣ, 64.5ರಿಂದ 115.5ರವರೆಗೆ ಭಾರಿ, 115.6ರಿಂದ 204.4ರವರೆಗೆ ಅತಿ ಭಾರಿ; 204.5 ಮತ್ತು ಅದಕ್ಕೆ ಮೇಲ್ಪಟ್ಟುದು ಅತ್ಯಂತ ಭಾರಿ. ಸೊನ್ನೆಯಾದರೆ ಮಳೆಯಿಲ್ಲವೆಂದೇ ಅರ್ಥ. ಒಟ್ಟು ಏಳು ಫಲಗಳು. ಒಂದು ಜಿಲ್ಲೆಯ ಮಳೆಮಾಪಕಗಳಿಂದ ಬಂದ ಒಂದು ವರ್ಷದ ಅಳತೆಗಳನ್ನು ಹೀಗೆ ವಿಂಗಡಿಸಬೇಕೆಂದಿಟ್ಟುಕೊಳ್ಳಿ. ಕಾಲೇಜಿನ ಯಾವ ವಿದ್ಯಾರ್ಥಿಯಾದರೂ ಅರ್ಧ ಗಂಟೆಯಲ್ಲಿ ಇದಕ್ಕೊಂದು ಷರತ್ತಿನ ಏಣಿಯನ್ನು ಕಟ್ಟಬಲ್ಲನು. ಕಟ್ಟಿದ ಏಣಿ ಓಡುತ್ತದೆ. ಎಲ್ಲ ಸಾಲುಗಳಲ್ಲಿಯೂ ಒಂದೊಂದು ವರ್ಗದ ಹೆಸರು ಮೂಡುತ್ತದೆ. ಅದನ್ನು ಕಂಡು ಕೆಲಸ ಮುಗಿಯಿತೆಂದು ಅವನು ತೃಪ್ತನಾಗುತ್ತಾನೆ. ತೊಡಕು ಇರುವುದು ಅಲ್ಲಿಯೇ.

ಮೊದಲನೆಯ ತೊಡಕು ಮೆಟ್ಟಿಲುಗಳ ಕ್ರಮದ್ದು. ಯಂತ್ರವು ಎಲ್ಲ ಷರತ್ತುಗಳನ್ನೂ ತೂಗಿ ನೋಡಿ ಯಾವುದು ಹೆಚ್ಚು ಸರಿಯೆಂದು ತೀರ್ಮಾನಿಸುವುದಿಲ್ಲ. ಮೊದಲು ನಿಜವಾದ ಷರತ್ತಿಗೇ ಅದು ಒಲಿಯುತ್ತದೆ. ‘2.5ಕ್ಕೆ ಕಡಿಮೆಯಿಲ್ಲದಿದ್ದರೆ ಹಗುರ’ ಎಂಬ ಪ್ರಶ್ನೆಯನ್ನು ಎಲ್ಲಕ್ಕಿಂತ ಮೊದಲು ಕೇಳಿದರೆ, ಆಗುಂಬೆಯಲ್ಲಿ 300 ಮಿಲಿಮೀಟರು ಸುರಿದ ದಿನವೂ ‘ಹಗುರ ಮಳೆ’ಯಾಗಿಬಿಡುತ್ತದೆ, ಏಕೆಂದರೆ 300 ಸಹ 2.5ಕ್ಕೆ ಕಡಿಮೆಯಿಲ್ಲ. ಆದ್ದರಿಂದ ಏಣಿಯನ್ನು ಮೇಲಿಂದ ಕೆಳಕ್ಕೋ ಕೆಳಗಿನಿಂದ ಮೇಲಕ್ಕೋ ಒಂದೇ ದಿಕ್ಕಿನಲ್ಲಿ ಕಟ್ಟಬೇಕು. ಸುದೈವದಿಂದ ಈ ತಪ್ಪು ಬೇಗ ಕಣ್ಣಿಗೆ ಬೀಳುತ್ತದೆ. ಮಲೆನಾಡಿನಲ್ಲಿ ಭಾರಿ ಮಳೆಯೇ ಇಲ್ಲವೆಂದು ಫಲಿತಾಂಶವು ಹೇಳಿದರೆ ಯಾರೂ ನಂಬುವುದಿಲ್ಲ.

ಎರಡನೆಯ ತೊಡಕು ಸಂದುಗಳದ್ದು. ಮೇಲಿನ ವರ್ಗಗಳನ್ನು ಇನ್ನೊಮ್ಮೆ ಗಮನವಿಟ್ಟು ನೋಡಿ. ಸಾಧಾರಣ ಮಳೆ 64.4ಕ್ಕೆ ಮುಗಿಯುತ್ತದೆ, ಭಾರಿ ಮಳೆ 64.5ಕ್ಕೆ ಆರಂಭವಾಗುತ್ತದೆ. ನಡುವೆ ಏನಿದೆ? ಮಳೆಯನ್ನು ಮಿಲಿಮೀಟರಿನ ಹತ್ತನೆಯ ಒಂದು ಭಾಗದವರೆಗೆ ಮಾತ್ರ ದಾಖಲಿಸುವುದರಿಂದ ವೀಕ್ಷಕನ ಪುಸ್ತಕದಲ್ಲಿ ನಡುವೆ ಏನೂ ಇರಲಾರದು. ಆದರೆ ಎರಡು ಮಾಪಕಗಳ ಸರಾಸರಿಯನ್ನು ತೆಗೆದ ಕ್ಷಣವೇ 64.45 ಎಂಬ ಸಂಖ್ಯೆ ಹುಟ್ಟಬಹುದು. ಅದು ಸಾಧಾರಣವೂ ಅಲ್ಲ, ಭಾರಿಯೂ ಅಲ್ಲ. ಮುದ್ರಿತ ಕೋಷ್ಟಕವನ್ನು ಇದ್ದಂತೆಯೇ ಏಣಿಯಾಗಿ ಬರೆದವನ ಕೈಯಲ್ಲಿ ಅದು ಎಲ್ಲ ಮೆಟ್ಟಿಲುಗಳ ಸಂದಿನಿಂದಲೂ ಜಾರಿ ಕೊನೆಯ ‘ಇಲ್ಲದಿದ್ದರೆ’ಯೊಳಗೆ ಬೀಳುತ್ತದೆ. ಅಳತೆಯು ಬಿಡಿಬಿಡಿಯಾದ ಹೆಜ್ಜೆಗಳಲ್ಲಿ ನಡೆಯುತ್ತದೆ, ಲೆಕ್ಕವು ಅವಿಚ್ಛಿನ್ನವಾಗಿ ಹರಿಯುತ್ತದೆ ಎಂಬ ಭೌತವಿಜ್ಞಾನದ ಮೊದಲ ಪಾಠವನ್ನು ಇಲ್ಲಿ ನೆನೆಯಬೇಕು. ‘64.5ಕ್ಕಿಂತ ಕಡಿಮೆಯಾದರೆ’ ಎಂದು ಒಂದೇ ಅಂಚನ್ನು ಎರಡೂ ವರ್ಗಗಳಿಗೆ ಗಡಿಯಾಗಿಟ್ಟರೆ ಸಂದು ತಾನಾಗಿಯೇ ಮುಚ್ಚಿಹೋಗುತ್ತದೆ.

ಈ ಎರಡು ತೊಡಕುಗಳನ್ನೂ ಗೆದ್ದವನು ಮೂರನೆಯದರಲ್ಲಿ ಮುಗ್ಗರಿಸುತ್ತಾನೆ. ಅದು ಕೊನೆಯ ಮೆಟ್ಟಿಲಿನದು, ಎಂದರೆ ‘ಇಲ್ಲದಿದ್ದರೆ’ ಎಂಬುದರದು. ಇಬ್ಬರು ವಿದ್ಯಾರ್ಥಿಗಳು ಒಂದೇ ಲೆಕ್ಕವನ್ನು ಎರಡು ರೀತಿಯಾಗಿ ಬರೆದರೆನ್ನೋಣ. ಮೊದಲನೆಯವನು ಕೆಳಗಿನಿಂದ ಮೇಲಕ್ಕೆ ಹೋದನು: ಸೊನ್ನೆಯಾದರೆ ಮಳೆಯಿಲ್ಲ; 2.5ಕ್ಕಿಂತ ಕಡಿಮೆಯಾದರೆ ಅತಿ ಹಗುರ, 15.6ಕ್ಕಿಂತ ಕಡಿಮೆಯಾದರೆ ಹಗುರ, ಹೀಗೆಯೇ 204.5ರವರೆಗೆ ಬಂದು, ‘ಇಲ್ಲದಿದ್ದರೆ ಅತ್ಯಂತ ಭಾರಿ’ ಎಂದು ಮುಗಿಸಿದನು. ಎರಡನೆಯವನು ಮೇಲಿಂದ ಕೆಳಕ್ಕೆ ಬಂದನು: 204.5ಕ್ಕೆ ಕಡಿಮೆಯಿಲ್ಲದಿದ್ದರೆ ಅತ್ಯಂತ ಭಾರಿ; 115.6ಕ್ಕೆ ಕಡಿಮೆಯಿಲ್ಲದಿದ್ದರೆ ಅತಿ ಭಾರಿ. ಹೀಗೆಯೇ ಇಳಿದು, ಸೊನ್ನೆಗಿಂತ ಹೆಚ್ಚಾದರೆ ಅತಿ ಹಗುರವೆಂದೂ ‘ಇಲ್ಲದಿದ್ದರೆ ಮಳೆಯಿಲ್ಲ’ವೆಂದೂ ಮುಗಿಸಿದನು. ಸರಿಯಾದ ಸಂಖ್ಯೆಗಳನ್ನು ಕೊಟ್ಟಷ್ಟು ಕಾಲವೂ ಎರಡು ಏಣಿಗಳೂ ಒಂದೇ ಉತ್ತರವನ್ನು ಕೊಡುತ್ತವೆ. ಪರೀಕ್ಷಕರು ಇಬ್ಬರಿಗೂ ಪೂರ್ಣ ಅಂಕಗಳನ್ನು ಕೊಡುತ್ತಾರೆ.

ಈಗ ಒಂದು ದಿನ ಮಳೆಮಾಪಕ ಕೆಟ್ಟುಹೋಯಿತು, ಅಳತೆ ಬರಲಿಲ್ಲ. ಎಸ್‌ಕ್ಯೂಎಲ್ ದತ್ತಸಂಚಯದಲ್ಲಿ ಇಂಥ ಬರಿದಾದ ಸ್ಥಾನಕ್ಕೆ ‘ನಲ್’ ಎಂದು ಹೆಸರು. ‘ನಲ್ ಎಂಬುದು 204.5ಕ್ಕಿಂತ ಕಡಿಮೆಯೆ?’ ಎಂದು ಕೇಳಿದರೆ ಆ ಭಾಷೆ ಹೌದೆನ್ನುವುದೂ ಇಲ್ಲ, ಅಲ್ಲವೆನ್ನುವುದೂ ಇಲ್ಲ, ‘ತಿಳಿಯದು’ ಎನ್ನುತ್ತದೆ. ಇದು ಪ್ರಾಮಾಣಿಕವಾದ ಉತ್ತರವೇ. ಆದರೆ ಷರತ್ತಿನ ಏಣಿಯು ಕೇಳುವುದು ‘ಹೌದೆ?’ ಎಂಬ ಒಂದೇ ಪ್ರಶ್ನೆಯನ್ನು. ಹೌದಲ್ಲದ ಎಲ್ಲವೂ, ‘ಅಲ್ಲ’ವಾಗಲಿ ‘ತಿಳಿಯದು’ ಆಗಲಿ, ಸಮನಾಗಿ ಮುಂದಿನ ಮೆಟ್ಟಿಲಿಗೆ ತಳ್ಳಲ್ಪಡುತ್ತವೆ. ಎಲ್ಲ ಮೆಟ್ಟಿಲುಗಳಲ್ಲಿಯೂ ‘ತಿಳಿಯದು’ ಎನ್ನುತ್ತ ಆ ಬರಿದಾದ ದಿನವು ಕೊನೆಗೆ ‘ಇಲ್ಲದಿದ್ದರೆ’ಯ ಬಾಗಿಲಿಗೆ ಬಂದು ನಿಲ್ಲುತ್ತದೆ. ಫಲವೇನು? ಮೊದಲನೆಯ ವಿದ್ಯಾರ್ಥಿಯ ಲೆಕ್ಕದಲ್ಲಿ ಆ ದಿನ ಪ್ರಳಯದಂಥ ಮಳೆ. ಎರಡನೆಯವನ ಲೆಕ್ಕದಲ್ಲಿ ಒಂದು ಹನಿಯೂ ಇಲ್ಲ. ಒಂದೇ ಅಜ್ಞಾನವು ಒಬ್ಬನ ಕೈಯಲ್ಲಿ ನೆರೆಯಾಯಿತು, ಇನ್ನೊಬ್ಬನ ಕೈಯಲ್ಲಿ ಬರವಾಯಿತು. ಎರಡಕ್ಕೂ ಆಕಾಶದಲ್ಲಿ ಆಧಾರವಿಲ್ಲ.

ಇದು ಒಂದು ಭಾಷೆಯ ದೋಷವೆಂದು ತಿಳಿಯಬಾರದು. ಸಾಧನ ಬದಲಾದಂತೆ ತಪ್ಪಿನ ರೂಪ ಬದಲಾಗುತ್ತದೆ, ಅಷ್ಟೆ. ಎಕ್ಸೆಲ್‌ನಲ್ಲಿ ಬರಿದಾದ ಕೋಶವನ್ನು ಸಂಖ್ಯೆಯೊಡನೆ ಹೋಲಿಸಿದರೆ ಅದನ್ನು ಸೊನ್ನೆಯೆಂದೇ ಎಣಿಸಲಾಗುತ್ತದೆ. ಎಂದರೆ ಅಳತೆ ಬಾರದ ದಿನವು ಮಳೆ ಬಾರದ ದಿನವಾಗುತ್ತದೆ. ಅದೇ ತಂತ್ರಾಂಶದಲ್ಲಿ ಅಕ್ಷರಗಳನ್ನು ಸಂಖ್ಯೆಯೊಡನೆ ಹೋಲಿಸಿದರೆ ಅಕ್ಷರಗಳು ಯಾವಾಗಲೂ ದೊಡ್ಡವು. ಹವಾಮಾನ ದಾಖಲೆಗಳಲ್ಲಿ ಅಳೆಯಲಾಗದಷ್ಟು ಸ್ವಲ್ಪ ಹನಿಯುದುರಿದರೆ ಅಂಕಿಯ ಬದಲು ‘ಲೇಶ’ ಎಂಬರ್ಥದ ಒಂದು ಪದವನ್ನು ಬರೆಯುವ ವಾಡಿಕೆಯುಂಟು. ಆ ಪದವಿದ್ದ ಕೋಶವನ್ನು ಮೇಲಿನ ಎರಡು ಏಣಿಗಳಲ್ಲಿ ಯಾವುದಕ್ಕೆ ಒಡ್ಡಿದರೂ ಎಕ್ಸೆಲ್ ‘ಅತ್ಯಂತ ಭಾರಿ’ ಎಂದೇ ತೀರ್ಪು ಕೊಡುತ್ತದೆ! ಅತ್ಯಲ್ಪವಾದ ಮಳೆಯು ಅತ್ಯಧಿಕವಾದ ಮಳೆಯಾಗುವ ಈ ಪವಾಡಕ್ಕೆ ಯಂತ್ರವನ್ನು ದೂರಿ ಪ್ರಯೋಜನವಿಲ್ಲ. ಅದು ತನಗೆ ಹೇಳಿಕೊಟ್ಟ ನಿಯಮವನ್ನು ಪಾಲಿಸಿದೆ.

ಇನ್ನೊಂದು ಪದ್ಧತಿಯೂ ಬಳಕೆಯಲ್ಲಿದೆ: ಅಳತೆಯಿಲ್ಲದ ಸ್ಥಾನದಲ್ಲಿ ಅಸಂಭವವಾದ ಒಂದು ಸಂಖ್ಯೆಯನ್ನು ತುಂಬುವುದು. ನಮ್ಮ ಹವಾಮಾನ ಇಲಾಖೆಯು ದೇಶವನ್ನು ಚೌಕಗಳಾಗಿ ವಿಭಾಗಿಸಿ ಒದಗಿಸುವ ಮಳೆಯ ದತ್ತಾಂಶದಲ್ಲಿ ಈ ಸಂಖ್ಯೆ -999. ಋಣಮಳೆ ಎಂಬುದು ಲೋಕದಲ್ಲಿಲ್ಲವಾದ್ದರಿಂದ ಮನುಷ್ಯನು ಅದನ್ನು ಕಂಡೊಡನೆ ಸಂಜ್ಞೆಯೆಂದು ತಿಳಿಯುತ್ತಾನೆ. ಮೊದಲನೆಯ ವಿದ್ಯಾರ್ಥಿಯ ಏಣಿಯಾದರೋ ಅದನ್ನು 2.5ಕ್ಕಿಂತ ಕಡಿಮೆಯೆಂದು ಒಪ್ಪಿಕೊಂಡು ‘ಅತಿ ಹಗುರ’ ಎಂಬ ಪಟ್ಟಿಯನ್ನು ಅಂಟಿಸುತ್ತದೆ. ಪೈಥಾನ್ ಭಾಷೆಯ ನಂಪೈ ಎಂಬ ಗಣಿತಭಂಡಾರದಲ್ಲಿ ಹಲವು ಷರತ್ತುಗಳಿಂದ ಒಂದನ್ನು ಆರಿಸುವ ಒಂದು ಸಾಧನವಿದೆ. ಯಾವ ಷರತ್ತೂ ನಿಜವಾಗದಿದ್ದಾಗ ಏನನ್ನು ಕೊಡಬೇಕೆಂದು ನಾವು ಹೇಳದಿದ್ದರೆ ಅದು ಸೊನ್ನೆಯನ್ನು ಕೊಡುತ್ತದೆ. ಎಸ್‌ಕ್ಯೂಎಲ್‌ನಲ್ಲಿ ಕೊನೆಯ ಮೆಟ್ಟಿಲನ್ನು ಬರೆಯದೆ ಬಿಟ್ಟರೆ ನಲ್ ದೊರೆಯುತ್ತದೆ. ಎಕ್ಸೆಲ್‌ನ ಹಳೆಯ ‘ಇಫ್’ನಲ್ಲಿ ‘ಫಾಲ್ಸ್’ ಎಂಬ ಪದ ಮೂಡುತ್ತದೆ. ಹೊಸ ‘ಇಫ್ಸ್’ನಲ್ಲಿ ಬೆಲೆ ಲಭ್ಯವಿಲ್ಲವೆಂಬ ದೋಷಸೂಚನೆ ಬರುತ್ತದೆ. ಒಂದೇ ಮೌನಕ್ಕೆ ನಾಲ್ಕು ಅರ್ಥಗಳು! ಇವುಗಳಲ್ಲಿ ದೋಷಸೂಚನೆಯೇ ಉತ್ತಮವೆಂಬುದು ನನ್ನ ಅಭಿಪ್ರಾಯ. ಸೊನ್ನೆಯಂತೂ ಎಲ್ಲಕ್ಕಿಂತ ಅಪಾಯಕರ, ಏಕೆಂದರೆ ಅದು ನಿಜವಾದ ಅಳತೆಯ ವೇಷವನ್ನು ಧರಿಸಿ ಬರುತ್ತದೆ.

‘ಒಂದೆರಡು ಕೋಶಗಳು ತಪ್ಪಾದರೆ ಏನಾಯಿತು?’ ಎಂದು ಕೇಳುವವರುಂಟು. ಹವಾಮಾನವನ್ನು ಆಧರಿಸಿದ ಬೆಳೆವಿಮೆಯ ಯೋಜನೆ ಕರ್ನಾಟಕದಲ್ಲಿ ಅಡಿಕೆ, ಕರಿಮೆಣಸು ಮೊದಲಾದ ಬೆಳೆಗಳಿಗೆ ಅನ್ವಯವಾಗುತ್ತದೆ. ಇದರಲ್ಲಿ ಪರಿಹಾರದ ಮೊತ್ತವನ್ನು ತೋಟಕ್ಕೆ ಹೋಗಿ ನೋಡಿ ನಿರ್ಧರಿಸುವುದಿಲ್ಲ. ಮಳೆ ಮೊದಲಾದವುಗಳ ಅಳತೆಯು ಗೊತ್ತುಮಾಡಿದ ಮಿತಿಯನ್ನು ದಾಟಿತೇ ಎಂಬ ಷರತ್ತುಗಳಿಂದ ನಿರ್ಧರಿಸುತ್ತಾರೆ. ಇಂಥ ಲೆಕ್ಕದಲ್ಲಿ ಬರಿದಾದ ಒಂದು ದಿನವನ್ನು ಸೊನ್ನೆಯೆಂದೆಣಿಸಿದರೆ ಎಡೆಬಿಡದೆ ಸುರಿದ ಮಳೆಯ ಸರಣಿ ಲೆಕ್ಕದಲ್ಲಿ ಮುರಿದುಹೋಗಬಹುದು. ಅಥವಾ ಇಲ್ಲದ ಒಣಹವೆ ಹುಟ್ಟಿಕೊಳ್ಳಬಹುದು. ಮೊದಲನೆಯದರಿಂದ ಬೆಳೆಗಾರನಿಗೆ ನಷ್ಟ, ಎರಡನೆಯದರಿಂದ ವಿಮೆಯ ನಿಧಿಗೆ ನಷ್ಟ. ಎರಡು ಸಂದರ್ಭಗಳಲ್ಲಿಯೂ ಯಾರೂ ಸುಳ್ಳು ಹೇಳಿರುವುದಿಲ್ಲ, ಯಾರೂ ಲಂಚ ತಿಂದಿರುವುದಿಲ್ಲ. ಕೊನೆಯ ಮೆಟ್ಟಿಲನ್ನು ಬರೆದವನು ‘ಅಲ್ಲ’ಕ್ಕೂ ‘ಇಲ್ಲ’ಕ್ಕೂ ಒಂದೇ ಬಾಗಿಲನ್ನಿಟ್ಟಿರುತ್ತಾನೆ, ಅಷ್ಟೆ. ಆದ್ದರಿಂದಲೇ ಇಂಥ ಅನ್ಯಾಯವನ್ನು ಪತ್ತೆಹಚ್ಚುವುದು ಕಷ್ಟ.

ಈ ಸಾಧನವನ್ನು ಮೊದಲು ರೂಪಿಸಿದವರು ಈ ವಿಷಯದಲ್ಲಿ ನಮಗಿಂತ ಎಚ್ಚರವಾಗಿದ್ದರೆಂಬುದು ಸ್ವಾರಸ್ಯಕರ. 1957ರಲ್ಲಿ ಬಳಕೆಗೆ ಬಂದ ಫೋರ್ಟ್ರಾನ್ ಭಾಷೆಯಲ್ಲಿ ಷರತ್ತಿಗೆ ಮೂರು ದಾರಿಗಳಿದ್ದವು: ಬೆಲೆ ಋಣವಾದರೆ ಒಂದು, ಸೊನ್ನೆಯಾದರೆ ಇನ್ನೊಂದು, ಧನವಾದರೆ ಮತ್ತೊಂದು. ಮೂರು ದಾರಿಗಳನ್ನೂ ಹೆಸರಿಸಿ ಬರೆಯಬೇಕಾಗಿತ್ತು. ‘ಮಿಕ್ಕುದೆಲ್ಲ’ ಎಂಬ ಬಾಗಿಲೇ ಇರಲಿಲ್ಲ. 1960ರಲ್ಲಿ ಜಾನ್ ಮೆಕಾರ್ಥಿ ಅವರು ಲಿಸ್ಪ್ ಭಾಷೆಯನ್ನು ವಿವರಿಸಿದ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ ಷರತ್ತಿನ ಉಕ್ತಿಗೆ ನಿರ್ದಿಷ್ಟವಾದ ಗಣಿತರೂಪವನ್ನು ಕೊಟ್ಟರು. ಷರತ್ತು ಮತ್ತು ಫಲಗಳ ಜೋಡಿಗಳನ್ನು ಎಡದಿಂದ ಬಲಕ್ಕೆ ಪರೀಕ್ಷಿಸಿ, ಮೊದಲು ನಿಜವಾದ ಷರತ್ತಿನ ಫಲವನ್ನೇ ಉಕ್ತಿಯ ಬೆಲೆಯೆಂದು ತೆಗೆದುಕೊಳ್ಳಬೇಕೆಂಬುದು ಅವರ ನಿಯಮ. ಇಂದಿನ ಎಲ್ಲ ಏಣಿಗಳೂ ಇದರ ಸಂತತಿಯೇ. ಆದರೆ ಅದೇ ಪ್ರಬಂಧದಲ್ಲಿ ಅವರು ಇನ್ನೂ ಒಂದು ಮಾತನ್ನು ಸೇರಿಸಿದ್ದಾರೆ: ಯಾವ ಷರತ್ತೂ ನಿಜವಾಗದಿದ್ದರೆ, ಅಥವಾ ನಿಜವಾದ ಷರತ್ತನ್ನು ಮುಟ್ಟುವ ಮೊದಲೇ ಬೆಲೆ ಗೊತ್ತಾಗದ ಷರತ್ತೊಂದು ಎದುರಾದರೆ, ಇಡೀ ಉಕ್ತಿಯ ಬೆಲೆಯೂ ಅನಿರ್ದಿಷ್ಟ. ಇದು ಎಷ್ಟು ಸರಿಯಾದ ಮಾತು! ಪ್ರಶ್ನೆಗೇ ಉತ್ತರ ತಿಳಿಯದಿದ್ದಾಗ ತೀರ್ಪು ತಿಳಿಯುವುದು ಹೇಗೆ? 1992ರ ಎಸ್‌ಕ್ಯೂಎಲ್ ಮಾನಕದಲ್ಲಿ ‘ಕೇಸ್’ ಎಂಬ ಷರತ್ತಿನ ಏಣಿ ಸೇರಿದಾಗ ಈ ಕಟ್ಟುನಿಟ್ಟು ಸಡಿಲವಾಯಿತು. ‘ತಿಳಿಯದು’ ಎಂಬುದು ನಿಲುಗಡೆಯಾಗುವ ಬದಲು ಮುಂದಿನ ಮೆಟ್ಟಿಲಿಗೆ ದಾರಿಯಾಯಿತು. ಅನುಕೂಲವೇನೋ ಹೆಚ್ಚಿತು, ಅದರೊಡನೆ ಬರೆಯುವವನ ಹೊಣೆಯೂ ಹೆಚ್ಚಿತು.

ಸತ್ಯ ಮತ್ತು ಅಸತ್ಯಗಳೆಂಬ ಎರಡೇ ಬೆಲೆಗಳಿಂದ ಲೋಕವ್ಯವಹಾರವೆಲ್ಲ ನಡೆಯದೆಂಬ ಅರಿವು ಹೊಸದಲ್ಲ. ಪೋಲೆಂಡಿನ ತರ್ಕಶಾಸ್ತ್ರಜ್ಞ ಯಾನ್ ಲುಕಾಸಿಯೆವಿಚ್ 1920ರಲ್ಲಿ ಮೂರು ಬೆಲೆಗಳ ತರ್ಕವೊಂದನ್ನು ರಚಿಸಿದನು. ಕನ್ನಡನಾಡಿಗೆ ಚಿರಪರಿಚಿತವಾದ ಜೈನದರ್ಶನದ ಸ್ಯಾದ್ವಾದವಾದರೋ ‘ಇದೆ’, ‘ಇಲ್ಲ’ ಎಂಬುವುಗಳ ಜೊತೆಗೆ ‘ಅವಕ್ತವ್ಯ’, ಎಂದರೆ ಹೇಳಲಾಗದುದು, ಎಂಬ ಮೂರನೆಯದನ್ನೂ ಒಪ್ಪಿ, ಇವುಗಳ ಸಂಯೋಗದಿಂದ ಏಳು ಭಂಗಗಳನ್ನು ಎಣಿಸಿತು. ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಸ್ಥಾಪಕರಾದ ಪ್ರಶಾಂತಚಂದ್ರ ಮಹಾಲನೋಬಿಸರು 1954ರಲ್ಲಿಯೂ ಜೀವವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನರು 1957ರಲ್ಲಿಯೂ ಸ್ಯಾದ್ವಾದಕ್ಕೂ ಆಧುನಿಕ ಸಂಖ್ಯಾಶಾಸ್ತ್ರಕ್ಕೂ ಇರುವ ಸಂಬಂಧವನ್ನು ಕುರಿತು ಬರೆದರು. ಪ್ರಾಚೀನರು ಗಣಕಯಂತ್ರವನ್ನು ಬಲ್ಲವರಾಗಿದ್ದರೆಂದು ಇದರಿಂದ ಸಾಧಿಸಹೊರಡುವುದು ಹಾಸ್ಯಾಸ್ಪದ. ಆದರೆ ತೀರ್ಪಿಗೆ ಮೊದಲು ‘ಹೇಳಲು ಸಾಧ್ಯವೆ?’ ಎಂದು ಕೇಳಿಕೊಳ್ಳುವ ಬುದ್ಧಿಶಿಸ್ತು ನಮಗೆ ಪರಕೀಯವಲ್ಲವೆಂಬುದಂತೂ ನಿಜ.

ಈ ಶಿಸ್ತಿನ ಬೆಲೆಯನ್ನು ತಿಳಿಯಲು ಓಝೋನ್ ರಂಧ್ರದ ಕಥೆಯನ್ನು ನೋಡಬಹುದು. ಅಂಟಾರ್ಕ್ಟಿಕದ ಹ್ಯಾಲಿ ಬೇ ನೆಲೆಯಲ್ಲಿ ದೀರ್ಘಕಾಲ ಅಳತೆ ನಡೆಸಿದ ಬ್ರಿಟಿಷ್ ವಿಜ್ಞಾನಿಗಳಾದ ಜೋಸೆಫ್ ಫಾರ್ಮನ್, ಬ್ರಯಾನ್ ಗಾರ್ಡಿನರ್ ಮತ್ತು ಜೊನಾಥನ್ ಶಾಂಕ್ಲಿನ್ ಅವರು, ಅಲ್ಲಿನ ವಸಂತದಲ್ಲಿ ಓಝೋನ್ ತೀವ್ರವಾಗಿ ಕುಸಿಯುತ್ತಿದೆಯೆಂದು 1985ರ ಮೇ ತಿಂಗಳಿನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಅಮೆರಿಕದ ನಿಂಬಸ್-7 ಉಪಗ್ರಹವು 1978ರಿಂದಲೇ ಆಕಾಶದಲ್ಲಿದ್ದು ಓಝೋನನ್ನು ಅಳೆಯುತ್ತಿತ್ತು. ಹಾಗಿದ್ದರೂ ಈ ಸುದ್ದಿ ಅಲ್ಲಿಂದ ಮೊದಲು ಏಕೆ ಬರಲಿಲ್ಲ? ಅಷ್ಟು ಕಡಿಮೆ ಬೆಲೆಗಳು ಅಸಾಧ್ಯವೆಂದು ಗಣಕಯಂತ್ರವು ಅವನ್ನು ಎಸೆದುಬಿಟ್ಟಿತೆಂಬ ಕಥೆ ಪ್ರಚಾರದಲ್ಲಿದೆ. ಅದು ಪೂರ್ತಿ ನಿಜವಲ್ಲ. 180 ಡಾಬ್ಸನ್ ಏಕಮಾನಗಳಿಗಿಂತ ಕಡಿಮೆಯಾದ ಅಳತೆಗಳನ್ನು ಸಂಸ್ಕರಣದ ಷರತ್ತು ಎಸೆಯಲಿಲ್ಲ. ‘ಸಂದೇಹಾಸ್ಪದ’ ಎಂಬ ಗುರುತನ್ನು ಹಾಕಿ ಬೇರೆಯಿರಿಸಿತು. ಹಾಗೆ ಉಳಿದಿದ್ದುದರಿಂದಲೇ ಉಪಗ್ರಹದ ವಿಜ್ಞಾನಿಗಳು ಆ ಅಳತೆಗಳನ್ನು ಪುನಃ ಪರಿಶೀಲಿಸಿ ಕುಸಿತವು ನಿಜವೆಂದೂ ಅದರ ವ್ಯಾಪ್ತಿ ಅಂಟಾರ್ಕ್ಟಿಕ ಖಂಡದಷ್ಟು ವಿಶಾಲವೆಂದೂ ತೋರಿಸಲು ಸಾಧ್ಯವಾಯಿತು. 1987ರಲ್ಲಿ ಮಾಂಟ್ರಿಯಲ್ ಒಪ್ಪಂದವು ಓಝೋನ್‌ನಾಶಕ ವಸ್ತುಗಳಿಗೆ ಕಡಿವಾಣ ಹಾಕಿತು.

ಈ ಘಟನೆಯಿಂದ ಎರಡು ಪಾಠಗಳು ದೊರೆಯುತ್ತವೆ. ‘ಸರಿ’, ‘ತಪ್ಪು’ ಎಂಬ ಎರಡೇ ಫಲಗಳಿದ್ದು ತಪ್ಪಾದುದನ್ನು ಅಳಿಸುವ ಷರತ್ತು ಅಲ್ಲಿದ್ದಿದ್ದರೆ ಉಪಗ್ರಹದ ಸಾಕ್ಷ್ಯವೇ ನಾಶವಾಗುತ್ತಿತ್ತು. ಮೂರನೆಯದೊಂದು ಫಲವು ಅದನ್ನು ಉಳಿಸಿತು. ಇದು ಮೊದಲನೆಯದು. ಮೂರನೆಯ ಪೆಟ್ಟಿಗೆಯನ್ನು ಇಟ್ಟರೆ ಸಾಲದು, ಅದನ್ನು ಆಗಾಗ ತೆರೆದು ಎಷ್ಟು ತುಂಬಿದೆಯೆಂದು ಎಣಿಸುತ್ತಿರಬೇಕು. ಇದು ಎರಡನೆಯದು. ಒಂದೇ ಪ್ರದೇಶದಲ್ಲಿ, ಒಂದೇ ಋತುವಿನಲ್ಲಿ ಸಂದೇಹಗಳು ರಾಶಿಬಿದ್ದರೆ ಅದು ಉಪಕರಣದ ಹುಚ್ಚಾಗಿರಬಹುದು, ಪ್ರಕೃತಿಯ ಹೊಸ ಸುದ್ದಿಯೂ ಆಗಿರಬಹುದು.

ಹಾಗಾದರೆ ಏಣಿಯನ್ನು ಕಟ್ಟುವ ಬಗೆ ಹೇಗೆ? ಮೊದಲ ಮೆಟ್ಟಿಲಿನಲ್ಲಿ ‘ಅಳತೆ ಇದೆಯೆ?’ ಎಂದು ಕೇಳಿರಿ. ಇಲ್ಲವಾದರೆ ‘ಅಳತೆಯಿಲ್ಲ’ ಎಂಬ ಫಲವನ್ನೇ ಕೊಡಿರಿ. ಎರಡನೆಯದರಲ್ಲಿ ‘ಅದು ಸಂಖ್ಯೆಯೆ? ಸಂಭವನೀಯವಾದ ಸಂಖ್ಯೆಯೆ?’ ಎಂದು ಕೇಳಿರಿ. ಅಕ್ಷರಗಳೂ -999ರಂಥ ಸಂಜ್ಞೆಗಳೂ ಇಲ್ಲಿಯೇ ನಿಲ್ಲಲಿ. ಆಮೇಲೆ ನಿಜವಾದ ವರ್ಗಗಳನ್ನು ಒಂದೇ ದಿಕ್ಕಿನಲ್ಲಿ, ಸಂದಿಲ್ಲದ ಗಡಿಗಳಿಂದ, ಒಂದೂ ಬಿಡದಂತೆ ಬರೆಯಿರಿ. ಕೊನೆಯ ವರ್ಗಕ್ಕೂ ತನ್ನದೇ ಆದ ಷರತ್ತಿರಬೇಕು, ‘204.5ಕ್ಕೆ ಕಡಿಮೆಯಿಲ್ಲದಿದ್ದರೆ ಅತ್ಯಂತ ಭಾರಿ’ ಎಂದು ಬಾಯಿಬಿಟ್ಟು ಹೇಳಬೇಕೇ ಹೊರತು ‘ಮಿಕ್ಕುದೆಲ್ಲ ಅತ್ಯಂತ ಭಾರಿ’ ಎನ್ನಬಾರದು. ಇಷ್ಟೆಲ್ಲ ಆದ ಮೇಲೆ ‘ಇಲ್ಲದಿದ್ದರೆ’ಯ ಸ್ಥಾನದಲ್ಲಿ ‘ವರ್ಗವಾಗದ್ದು’ ಎಂದು ಬರೆಯಿರಿ. ಏಣಿ ಸರಿಯಾಗಿದ್ದರೆ ಆ ಪೆಟ್ಟಿಗೆ ಬರಿದಾಗಿಯೇ ಉಳಿಯುತ್ತದೆ. ಅದರಲ್ಲಿ ಒಂದೇ ಒಂದು ಸಾಲು ಬಿದ್ದರೂ ಏಣಿಯಲ್ಲಿ ಎಲ್ಲಿಯೋ ಬಿರುಕಿದೆಯೆಂದು ತಿಳಿಯುತ್ತದೆ. ಕೆಲಸವನ್ನು ಒಪ್ಪಿಸುವ ಮೊದಲು ಸೊನ್ನೆ, 2.4, 2.45, 2.5, 204.5, ಬರಿದಾದ ಕೋಶ, ಒಂದು ಪದ, -999 ಇಷ್ಟನ್ನು ಏಣಿಗೆ ಒಡ್ಡಿ ಎಂಟು ಉತ್ತರಗಳನ್ನೂ ಕಣ್ಣಾರೆ ನೋಡಿರಿ.

ಇದಕ್ಕೆ ಆಕ್ಷೇಪಗಳಿಲ್ಲದಿಲ್ಲ. ಹೀಗೆ ಬರೆದರೆ ಉಕ್ತಿ ಉದ್ದವಾಗುತ್ತದೆ, ಓದುವುದು ಕಷ್ಟವಾಗುತ್ತದೆ ಎಂಬುದು ಒಂದು. ಒಪ್ಪತಕ್ಕ ಮಾತೇ. ಎಕ್ಸೆಲ್‌ನ 2003ರ ಆವೃತ್ತಿಯವರೆಗೆ ಒಂದರೊಳಗೊಂದು 7 ಷರತ್ತುಗಳನ್ನು ಮಾತ್ರ ಹುದುಗಿಸಬಹುದಾಗಿತ್ತು. 2007ರಿಂದ 64ನ್ನು ಹುದುಗಿಸಬಹುದು. ಹುದುಗಿಸಬಹುದೆಂದ ಮಾತ್ರಕ್ಕೆ ಹುದುಗಿಸಬೇಕೆಂದಲ್ಲ. ವರ್ಗಗಳು ಬಹಳವಾದಾಗ ಗಡಿಗಳನ್ನೂ ಹೆಸರುಗಳನ್ನೂ ಬೇರೊಂದು ಚಿಕ್ಕ ಕೋಷ್ಟಕದಲ್ಲಿ ಬರೆದಿಟ್ಟು ಅಲ್ಲಿಂದ ಹುಡುಕಿ ತರುವುದೇ ಲೇಸು. ಆಗ ನಿಯಮವು ಎಲ್ಲರ ಕಣ್ಣಿಗೂ ಬೀಳುತ್ತದೆ, ತಿದ್ದುವುದೂ ಸುಲಭ. ಆದರೆ ‘ಅಳತೆ ಇದೆಯೆ?’ ಎಂಬ ಮೊದಲ ಪ್ರಶ್ನೆಯನ್ನು ಕೇಳದೆ ಉಳಿಸಿದ ಒಂದು ಸಾಲಿನ ಉಳಿತಾಯವು ಉಳಿತಾಯವೇ ಅಲ್ಲ.

ಎರಡನೆಯ ಆಕ್ಷೇಪ ಇನ್ನೂ ಸೂಕ್ಷ್ಮವಾದುದು. ವರದಿಯಲ್ಲಿ ‘ಅಳತೆಯಿಲ್ಲ’ ಎಂಬ ಕಂಬಸಾಲು ಎದ್ದು ಕಂಡರೆ ಕೆಲಸ ಅಪೂರ್ಣವಾದಂತೆ ತೋರುತ್ತದೆ. ಓದುವವರು ನಿರ್ದಿಷ್ಟವಾದ ಉತ್ತರವನ್ನು ಬಯಸುತ್ತಾರೆ, ಸಂದೇಹವನ್ನಲ್ಲ ಎಂಬುದು ಅದು. ಈ ಬಯಕೆ ಸಹಜವೆಂದು ಒಪ್ಪಿದರೂ ಅದಕ್ಕೆ ಮಣಿಯುವುದು ವಿಜ್ಞಾನದ ದಾರಿಯಲ್ಲ. ಅಳತೆಯ ಜೊತೆಗೆ ಅದರ ಅನಿಶ್ಚಿತತೆಯನ್ನೂ ಬರೆಯಬೇಕೆಂದು ಪ್ರಯೋಗಶಾಲೆಯಲ್ಲಿ ಹೇಳಿಕೊಡುತ್ತೇವೆ. ಹತ್ತು ವಾಚನಗಳಲ್ಲಿ ಒಂದನ್ನು ತೆಗೆದುಕೊಳ್ಳಲಾಗದಿದ್ದರೆ ಆ ಮನೆಯಲ್ಲಿ ಗೆರೆಯೆಳೆಯಬೇಕು, ಸೊನ್ನೆ ಬರೆಯಬಾರದು ಎಂದು ಹೇಳಿಕೊಡುತ್ತೇವೆ. ಸೊನ್ನೆ ಬರೆದರೆ ಸರಾಸರಿ ಕೆಡುತ್ತದೆಂಬುದನ್ನು ಯಾವ ವಿದ್ಯಾರ್ಥಿಯೂ ಬಲ್ಲನು. ಪ್ರಯೋಗದ ಪುಸ್ತಕದಲ್ಲಿ ತಪ್ಪಾದುದು ಯಂತ್ರದ ಪರದೆಯ ಮೇಲೆ ಸರಿಯಾಗುವುದು ಹೇಗೆ?

ಇಂದು ಶಾಲಾಕಾಲೇಜುಗಳಲ್ಲಿ ದತ್ತಾಂಶವಿಜ್ಞಾನದ ಪಾಠ ನಡೆಯುತ್ತಿದೆ, ಬಹಳ ಸಂತೋಷ. ಆದರೆ ಅಲ್ಲಿ ಷರತ್ತಿನ ಉಕ್ತಿಯನ್ನು ಬರೆಯುವ ವ್ಯಾಕರಣಕ್ಕೆ ದೊರೆಯುವಷ್ಟು ಗಮನ ಅದರ ನ್ಯಾಯಕ್ಕೆ ದೊರೆಯುತ್ತಿಲ್ಲ. ಅಲ್ಪವಿರಾಮ ಎಲ್ಲಿ, ಆವರಣ ಎಲ್ಲಿ ಎಂದು ಕೇಳುವ ಪ್ರಶ್ನೆಗಳ ಜೊತೆಗೆ ‘ನಿಮ್ಮ ಏಣಿಗೆ ಬರಿದಾದ ಬೆಲೆಯೊಂದು ಬಂದರೆ ಏನಾಗುತ್ತದೆ, ಏಕೆ?’ ಎಂಬ ಒಂದು ಪ್ರಶ್ನೆಯನ್ನು ಪ್ರತಿ ಪರೀಕ್ಷೆಯಲ್ಲಿಯೂ ಕೇಳಬೇಕೆಂದು ನನ್ನ ಸಲಹೆ. ಉಕ್ತಿಯನ್ನು ಬರೆಯುವ ಕೆಲಸವನ್ನು ಈಗ ಯಂತ್ರಗಳೇ ಮಾಡಿಕೊಡಬಲ್ಲವು. ಆದರೆ ತಿಳಿಯದುದನ್ನು ಯಾವ ಹೆಸರಿನಿಂದ ಕರೆಯಬೇಕೆಂಬ ತೀರ್ಮಾನ ಮನುಷ್ಯನದು. ಅದರ ಫಲವನ್ನು ಉಣ್ಣುವವನೂ ಮನುಷ್ಯನೇ.

ವಿದ್ಯಾರ್ಥಿಗಳು ಮುಂದೆ ಬ್ಯಾಂಕುಗಳಲ್ಲಿ, ಆಸ್ಪತ್ರೆಗಳಲ್ಲಿ, ಸರಕಾರದ ಇಲಾಖೆಗಳಲ್ಲಿ ಇಂಥ ಸಾವಿರಾರು ಏಣಿಗಳನ್ನು ಕಟ್ಟತಕ್ಕವರು. ಯಾರಿಗೆ ಸಾಲ, ಯಾರಿಗೆ ಚಿಕಿತ್ಸೆ, ಯಾರಿಗೆ ಪಡಿತರ ಎಂಬುದು ಆ ಮೆಟ್ಟಿಲುಗಳ ಮೇಲೆ ನಿಶ್ಚಯವಾಗುತ್ತದೆ. ಅರ್ಜಿಯಲ್ಲಿ ಆದಾಯದ ಮನೆ ಬರಿದಾಗಿದ್ದವನು ಬಡವನಲ್ಲವೆಂದು ಸಿದ್ಧವಾಗಲಿಲ್ಲ. ರಕ್ತಪರೀಕ್ಷೆಯ ಫಲಿತಾಂಶ ಇನ್ನೂ ಬಾರದವನು ಆರೋಗ್ಯವಂತನೆಂದು ಸಿದ್ಧವಾಗಲಿಲ್ಲ. ಅಂಥವರಿಗಾಗಿ ಏಣಿಯಲ್ಲಿ ಒಂದು ಮೆಟ್ಟಿಲನ್ನು ಬೇರೆಯಾಗಿ ಇಡಿರಿ; ಅಲ್ಲಿ ನಿಂತವರನ್ನು ಮರಳಿ ವಿಚಾರಿಸುವ ಏರ್ಪಾಡನ್ನೂ ಮಾಡಿರಿ.